ಎಡಬಿಡಂಗಿ ಕಾಲದ ಚಿತ್ರಗಳು

ನ್ಯೂಅರ್ಕ್ ವಿಮಾನ ನಿಲ್ದಾಣಕ್ಕೂ ನನಗೂ ಹದಿನಾರು ವರ್ಷದ ನಂಟು. ಎರಡು ಸೂಟ್‌ಕೇಸು, ಒಂದು ಶೇಂಗಾ ಚಟ್ನಿಪುಡಿ ಡಬ್ಬಿ ಹಿಡಿದುಕೊಂಡು ನಾನು ಈ ದೇಶಕ್ಕೆ ಇಳಿದದ್ದೇ ಅಲ್ಲಿ. ಆಮೇಲೆ ಬರುವವರನ್ನು ಕರೆತರಲು, ಹೋಗುವವರನ್ನು ಬಿಟ್ಟುಬರಲು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಟ್ಟಿಲ್ಲ. ನ್ಯೂಜೆರ್ಸಿಯ ನಮ್ಮ ಮಂದಿಯ ಬಾಯಲ್ಲಿ ನ್ಯೂಅರ್ಕ್ ಅಂದರೆ ವಿಮಾನ ನಿಲ್ದಾಣವೇ. ಆ ಹೆಸರಿನ ಊರೂ ಒಂದಿದೆ, ಊರಲ್ಲೊಂದು ಒಳ್ಳೆಯ ಮ್ಯೂಸಿಯಂ ಇದೆ ಎನ್ನುವುದು ಯಾರ ನೆನಪಿಗೂ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಧಾರವಾಡದಿಂದ ಅವ್ವ ಬರುವ ದಿನ, ವಿಮಾನ ಐದು ತಾಸು ತಡ ಎಂಬ ಸುದ್ದಿ ನಾನು ಅರ್ಧ ದಾರಿ ಮುಟ್ಟಿದ ಮೇಲೆ ಬಂತು. ಮನೆಗೆ ಹೋಗಿ ಮತ್ತೆ ಬರುವ ಮನಸ್ಸಿಲ್ಲ, ಪಾರ್ಕಿಂಗ್‌ಗೆ ಸುಮ್ಮನೆ ರೊಕ್ಕ ಸುರಿಯುವ ಮನಸ್ಸೂ ಇಲ್ಲ. ಊರೊಳಗೆ ಗಾಡಿ ತಿರುಗಿಸಿದೆ.

ಹಾಗೆ ಆ ಮ್ಯೂಸಿಯಂನಲ್ಲಿ ಕಣ್ಣಿಗೆ ಬಿದ್ದದ್ದು ಆರ್ಶಿಲ್ ಗೋರ್ಕಿ ಎಂಬ ಚಿತ್ರಕಾರನ ಎರಡು ದೊಡ್ಡ ಕ್ಯಾನ್‌ವಾಸುಗಳು. ಮೊದಲ ನೋಟಕ್ಕೆ ಏನೂ ಹಿಡಿತಕ್ಕೆ ಸಿಗಲಿಲ್ಲ. ಕತ್ತರಿ ಹಿಡಿದು ಕತ್ತರಿಸಿ ಅಂಟಿಸಿದಂಥ ಚಪ್ಪಟೆ ಆಕಾರಗಳು, ಅಂಚು ಚೂಪು, ಬಣ್ಣ ನೇರ. ಒಂದರ ಹೆಸರು ಹಾರಾಟದ ಯಂತ್ರವಿದ್ಯೆ ಎಂಬರ್ಥದ್ದು, ಇನ್ನೊಂದರದು ಆಕಾಶದಿಂದ ಕಂಡ ನಕ್ಷೆ. ಹೆಸರು ಓದಿಕೊಂಡು ಮತ್ತೆ ನೋಡಿದರೆ ಉಷ್ಣಮಾಪಕದಂಥದ್ದು, ಗಾಳಿಯ ವೇಗ ಅಳೆಯುವ ಉಪಕರಣದಂಥದ್ದು, ಅಮೆರಿಕದ ನಕ್ಷೆಯಂಥದ್ದು ಮೆಲ್ಲಗೆ ಎದ್ದು ಬಂದವು. ವಿಮಾನ ಮಾತ್ರ ಎಲ್ಲೂ ಇಲ್ಲ. ವಿಮಾನ ನಿಲ್ದಾಣಕ್ಕೆಂದೇ ಬರೆದ ಚಿತ್ರದಲ್ಲಿ!

ಹೌದು, ಅವು ನಿಲ್ದಾಣಕ್ಕೆಂದೇ ಬರೆದವು. 1936–37ರಲ್ಲಿ, ಅಮೆರಿಕದ ಸರ್ಕಾರ ನಿರುದ್ಯೋಗಿ ಕಲಾವಿದರಿಗೆ ಸಂಬಳ ಕೊಟ್ಟು ಕೆಲಸ ಮಾಡಿಸುತ್ತಿದ್ದ ಕಾಲದಲ್ಲಿ, ಗೋರ್ಕಿ ನ್ಯೂಅರ್ಕ್ ನಿಲ್ದಾಣದ ಆಡಳಿತ ಕಟ್ಟಡಕ್ಕೆ ಹತ್ತು ಫಲಕ ಬರೆದ. ಒಟ್ಟು ಸುಮಾರು 1,500 ಚದರಡಿ. ಯುದ್ಧ ಬಂತು, ನಿಲ್ದಾಣ ಸೈನ್ಯದ ಕೈಗೆ ಹೋಯಿತು, ಗೋಡೆಗಳಿಗೆ ಬಣ್ಣ ಬಳಿದರು. ಆಮೇಲೆ ಬಂದವರು ಅದರ ಮೇಲೆ ಮತ್ತೊಂದು ಕೈ ಹೊಡೆದರು. ದೀಪಾವಳಿಗೊಮ್ಮೆ ಸುಣ್ಣ ಹೊಡೆದಂತೆ ಹೀಗೇ ನಡೆದು, 1970ರ ದಶಕದಲ್ಲಿ ಹುಡುಕಿದಾಗ ಹದಿನಾಲ್ಕು ಪದರದ ಕೆಳಗೆ ಎರಡು ಫಲಕ ಸಿಕ್ಕವು. ಉಳಿದ ಎಂಟು ಹೋದವು, ಅಷ್ಟೇ. ಆ ಕಟ್ಟಡ ಈಗಲೂ ಇದೆ, ರನ್‌ವೇಗೆ ಅಡ್ಡವಾಗುತ್ತದೆಂದು ಇಡಿಯಾಗಿ ಎತ್ತಿ ಬೇರೆ ಕಡೆ ಇಟ್ಟಿದ್ದಾರೆ. ಕಟ್ಟಡವನ್ನು ಎತ್ತಿಡುವಷ್ಟು ಕಾಳಜಿ ಇರುವ ಜನ!

ನಾನು ಕಲಾವಿಮರ್ಶಕಿಯಲ್ಲ, ಹಗಲೆಲ್ಲ ಒಂದು ಕಂಪನಿಯ ಲೆಕ್ಕಪತ್ರ ನೋಡುವವಳು. ಆದರೂ ಗೋರ್ಕಿ ಎಂದರೆ ಯಾರೆಂದು ತಕ್ಕಮಟ್ಟಿಗೆ ಗೊತ್ತಿತ್ತು. ವಾನ್ ಸರೋವರದ ದಂಡೆಯ ಅರ್ಮೇನಿಯನ್ ಹಳ್ಳಿಯಲ್ಲಿ ಹುಟ್ಟಿ, ನರಮೇಧದ ದಿನಗಳಲ್ಲಿ ಊರು ಬಿಟ್ಟು, 1919ರಲ್ಲಿ ತಾಯಿ ಹಸಿವಿನಿಂದ ಸತ್ತದ್ದನ್ನು ಕಂಡು, ಮರುವರ್ಷ ಅಮೆರಿಕಕ್ಕೆ ಬಂದ ಹುಡುಗ. ಹೆಸರನ್ನೂ ಬದಲಿಸಿಕೊಂಡ. ಪುಸ್ತಕಗಳಲ್ಲಿ ಬರುವ ಗೋರ್ಕಿ 1944ರ ನಂತರದವನು: ತೇಲುವ ಬಣ್ಣ, ಅದರ ಮೇಲೆ ಎಲ್ಲೆಲ್ಲೋ ಅಲೆಯುವ ತೆಳು ಗೆರೆ. ಅದಕ್ಕೂ ಮೊದಲಿನ ಹದಿನೈದು ವರ್ಷ ಅವನು ಒಬ್ಬರ ಹಿಂದೆ ಒಬ್ಬ ಗುರುವನ್ನು ಹಿಡಿದು ನಕಲು ತೆಗೆಯುತ್ತಿದ್ದ. ಬಹಳ ಕಾಲ ಸೆಜಾನ್‌ನ ಜತೆಗಿದ್ದೆ, ಈಗ ಪಿಕಾಸೊನ ಜತೆಗಿದ್ದೇನೆ ಎಂದು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಿದ್ದನಂತೆ. ನಿಲ್ದಾಣದ ಫಲಕಗಳು ಆ ಶಿಷ್ಯನ ನಕಲೂ ಅಲ್ಲ, ನಂತರದ ಗೋರ್ಕಿಯೂ ಅಲ್ಲ.

ನಮ್ಮಲ್ಲಿ ಇದಕ್ಕೊಂದು ಮಾತಿದೆ, ಎಡಬಿಡಂಗಿ. ಬೈಗುಳದಂತೆಯೇ ಬಳಸುತ್ತೇವೆ. ಅಲ್ಲಿಗೂ ಸೇರದ, ಇಲ್ಲಿಗೂ ಸಲ್ಲದ ಮನುಷ್ಯನಿಗೆ, ಅರ್ಧ ಮಾಡಿ ಬಿಟ್ಟ ಕೆಲಸಕ್ಕೆ. ಅವತ್ತು ಆ ಕ್ಯಾನ್‌ವಾಸಿನ ಮುಂದೆ ನಿಂತಾಗ ಅದೇ ಶಬ್ದ ಬಾಯಿಗೆ ಬಂತು. ಆದರೆ ಬೈಗುಳವಾಗಿ ಬರಲಿಲ್ಲ.

ಅಮೆರಿಕದ ಆಧುನಿಕ ಕಲೆಯ ಕತೆಯನ್ನು ಜನಪ್ರಿಯ ಪುಸ್ತಕಗಳು ಹೇಳುವ ಬಗೆ ನೋಡಿ. 1930ರಲ್ಲಿ ಗ್ರಾಂಟ್ ವುಡ್‌ನ ರೈತ ಕವೆಗೋಲು ಹಿಡಿದು ಬಿಗಿಮುಖದಲ್ಲಿ ನಿಂತಿದ್ದಾನೆ. ಪುಟ ತಿರುವಿದರೆ 1950, ಪೊಲಾಕ್ ನೆಲದ ಮೇಲೆ ಕ್ಯಾನ್‌ವಾಸ್ ಹಾಸಿ ಬಣ್ಣ ಸುರಿಯುತ್ತಿದ್ದಾನೆ. ನಡುವಿನ ಇಪ್ಪತ್ತು ವರ್ಷಕ್ಕೆ ಒಂದು ಪ್ಯಾರಾ. 'ಈ ಅವಧಿಯಲ್ಲಿ ಹಲವರು ಪ್ರಯೋಗ ನಡೆಸಿದರು' ಎಂಬ ಧಾಟಿಯದು. ಊರಿಂದ ಊರಿಗೆ ರಾತ್ರಿ ಬಸ್ಸಿನಲ್ಲಿ ಹೋದವರಿಗೆ ನಡುವಿನ ಊರುಗಳು ಕಾಣದಂತೆ.

ಆ ಇಪ್ಪತ್ತು ವರ್ಷದಲ್ಲಿ ನಡೆದದ್ದೇನು ಕಡಿಮೆಯೇ? 1935ರಿಂದ 1943ರವರೆಗೆ ಡಬ್ಲ್ಯೂಪಿಎ ಎಂಬ ಸರ್ಕಾರಿ ಯೋಜನೆಯಡಿ ಸಾವಿರಾರು ಕಲಾವಿದರು ಕೆಲಸ ಮಾಡಿದರು. ನ್ಯೂಯಾರ್ಕಿನಲ್ಲಿ ವಾರಕ್ಕೆ 23 ಡಾಲರ್ ಚಿಲ್ಲರೆ. ಗೋಡೆಗೆ ಬರೆಯುವವರದೊಂದು ವಿಭಾಗ, ಈಸಲ್, ಅಂದರೆ ಕ್ಯಾನ್‌ವಾಸ್ ನಿಲ್ಲಿಸುವ ಕಾಲ್ಮಣೆ, ಅದರ ಮುಂದೆ ನಿಂತು ಬರೆಯುವವರದೊಂದು. ಈಸಲ್ ವಿಭಾಗದವರು ಕೆಲವು ವಾರಕ್ಕೊಂದು ಚಿತ್ರ ಒಪ್ಪಿಸಬೇಕು. ಪೊಲಾಕ್, ರಾಥ್ಕೊ, ಲೀ ಕ್ರಾಸ್ನರ್ ಎಲ್ಲರೂ ಆ ಸಂಬಳದ ಮೇಲೆ ಬದುಕಿದವರೇ. ವಿಲೆಮ್ ಡಿ ಕೂನಿಂಗ್ ಕೂಡ ಒಂದಷ್ಟು ಕಾಲ ಇದ್ದ. ಅವನು 1926ರಲ್ಲಿ ಹಾಲೆಂಡಿನಿಂದ ಹಡಗಿನಲ್ಲಿ ಕದ್ದು ಬಂದವನು, ಇದೇ ನ್ಯೂಜೆರ್ಸಿಯ ಹೊಬೋಕೆನ್‌ನಲ್ಲಿ ಮನೆಗಳಿಗೆ ಬಣ್ಣ ಹೊಡೆದು ಹೊಟ್ಟೆ ಹೊರೆದವನು. ಪೌರತ್ವ ಇಲ್ಲದವರಿಗೆ ಕೆಲಸವಿಲ್ಲ ಎಂದಾದಾಗ ಬಿಡಬೇಕಾಯಿತು. ಆದರೆ ಆ ಒಂದು ವರ್ಷ ಮೂರು ಹೊತ್ತೂ ಚಿತ್ರವನ್ನೇ ಬರೆದ ರುಚಿ ಹತ್ತಿಬಿಟ್ಟಿತ್ತು, ಹಳೆಯ ಕಸುಬಿಗೆ ಮತ್ತೆ ಮನಸ್ಸು ಕೊಡಲಿಲ್ಲ. ಕಾಗದಪತ್ರ ಇಲ್ಲದವನ ಪಾಡು ಏನೆಂದು ವೀಸಾ ನವೀಕರಣಕ್ಕೆ ಕಾದು ಕೂತ ನಮ್ಮವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಯೋಜನೆ ಮುಚ್ಚಿದ ಮೇಲೆ ಆ ಚಿತ್ರಗಳಿಗೆ ಆದದ್ದನ್ನು ಕೇಳಿ. ನ್ಯೂಯಾರ್ಕಿನ ಗೋದಾಮಿನಲ್ಲಿ ರಾಶಿ ಬಿದ್ದಿದ್ದ ಕ್ಯಾನ್‌ವಾಸುಗಳನ್ನು ರದ್ದಿ ಲೆಕ್ಕದಲ್ಲಿ ತೂಗಿ ಮಾರಿದರು, ಪೌಂಡಿಗೆ 4 ಸೆಂಟ್. ಕೊಂಡವರಲ್ಲಿ ಒಬ್ಬ ಕೊಳಾಯಿ ಕೆಲಸದವನು. ಬಿಸಿನೀರಿನ ಕೊಳವೆಗಳಿಗೆ ಸುತ್ತಲು ಗಟ್ಟಿ ಬಟ್ಟೆ ಸಿಕ್ಕಿತೆಂದು ಒಯ್ದ. ಕೊಳವೆ ಕಾದಾಗ ಎಣ್ಣೆಬಣ್ಣದ ನಾತ ಮನೆ ತುಂಬಿ ಆ ಉಪಾಯವೂ ಕೆಟ್ಟಿತು ಎನ್ನುತ್ತಾರೆ. ಉಳಿದವು ಕೆನಾಲ್ ಸ್ಟ್ರೀಟಿನ ಒಂದು ಹಳೆಯ ಪುಸ್ತಕದಂಗಡಿ ಸೇರಿದವು. ಸುದ್ದಿ ತಿಳಿದ ಕಲಾವಿದರು ಓಡಿಹೋಗಿ, ತಾವೇ ಬರೆದ ಚಿತ್ರವನ್ನು ಕೆಲವು ಡಾಲರ್ ಕೊಟ್ಟು ಬಿಡಿಸಿಕೊಂಡು ಬಂದರು. ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್ ವಸತಿ ಸಮುಚ್ಚಯದ ಅಮೂರ್ತ ಭಿತ್ತಿಚಿತ್ರಗಳದೂ ಗೋರ್ಕಿಯ ಫಲಕಗಳದೇ ಕತೆ. ಮೇಲೆ ಬಣ್ಣ ಬಳಿದು, ಮರೆತು, 1980ರ ದಶಕದ ಕೊನೆಗೆ ಕೆರೆದು ತೆಗೆದರು. ಈಗ ಬ್ರೂಕ್ಲಿನ್ ಮ್ಯೂಸಿಯಂನಲ್ಲಿವೆ.

ಇಷ್ಟಕ್ಕೂ ಕಳೆದುಹೋದದ್ದು ಹೆಚ್ಚಾಗಿ ಆ ನಡುಗಾಲದ್ದೇ ಏಕೆ? ಬಣ್ಣ ಬಳಿದ ಸೈನಿಕನ ತಪ್ಪೊಂದೇ ಅಲ್ಲ. ಮುಂದೆ ಇದೇ ಜನ ದೊಡ್ಡ ಹೆಸರಾದಾಗ ಅವರೇ ತಮ್ಮ ಹಳೆಯ ಚಿತ್ರಗಳನ್ನು ಗೋಡೆಗೆ ತಿರುಗಿಸಿ ಇಟ್ಟರು. ಗ್ಯಾಲರಿಯವರಿಗೆ ದೂರದಿಂದಲೇ ಗುರುತು ಹತ್ತುವ ಚಿತ್ರ ಬೇಕು. ಕೊಳ್ಳುವವನ ಮನೆಗೆ ಬಂದ ಅತಿಥಿ ಬಾಗಿಲಲ್ಲೇ 'ಓ, ರಾಥ್ಕೊ!' ಅನ್ನಬೇಕು. 'ಇದು ಯಾರದು?' ಎಂದು ಕೇಳುವಂಥ ಚಿತ್ರಕ್ಕೆ ಬೆಲೆ ಎಲ್ಲಿಂದ ಬರಬೇಕು?

ರಾಥ್ಕೊನ ಅಂಥದ್ದೊಂದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಸುಮಾರು 1940ರದು. ನ್ಯೂಯಾರ್ಕಿನ ನೆಲದಡಿಯ ರೈಲು ನಿಲ್ದಾಣ. ಕಂಬಗಳ ನಡುವೆ ಕಂಬದಷ್ಟೇ ತೆಳ್ಳಗೆ ಎಳೆದು ನಿಲ್ಲಿಸಿದ ಜನ. ಎಲ್ಲರೂ ಒಂದೇ ಕಡೆ ನಿಂತಿದ್ದಾರೆ, ಯಾರೂ ಯಾರ ಜತೆಗೂ ಇಲ್ಲ. ಬಣ್ಣ ಮಾಸಿದ್ದು, ಒಗೆದು ಒಗೆದು ಹಳತಾದ ಸೀರೆಯ ಬಣ್ಣ. ಇದನ್ನು ಬರೆದವನೇ ಹತ್ತು ವರ್ಷದ ನಂತರ, ಈಗ ಅವನ ಗುರುತೇ ಆಗಿರುವ ಆ ಉರಿಯುವ, ಮಂಜಿನಂಥ ಆಯತಗಳನ್ನು ಬರೆದ ಎಂದರೆ ನಂಬುವುದು ಕಷ್ಟ.

ಇಂಥ ಕಡೆ ತಿಳಿದವರು ಒಂದು ಚಮತ್ಕಾರ ಮಾಡಿ ತೋರಿಸುತ್ತಾರೆ. ನೋಡಿ, ಈ ಪ್ಲಾಟ್‌ಫಾರ್ಮು, ಹಳಿ, ಗೋಡೆ, ಇವೇ ಮೂರು ಅಡ್ಡಪಟ್ಟಿಗಳು, ಜನರನ್ನು ತೆಗೆದುಬಿಟ್ಟರೆ ಮುಂದಿನ ರಾಥ್ಕೊ ಸಿಕ್ಕೇಬಿಟ್ಟ! ಕೇಳಲು ಚೆನ್ನಾಗಿದೆ. ನಾನೂ ಎಷ್ಟೋ ಜನರಿಗೆ ಹೀಗೇ ಹೇಳಿ ಜಾಣೆ ಅನ್ನಿಸಿಕೊಂಡಿದ್ದೇನೆ. ಈಗೀಗ ಇದು ಅನ್ಯಾಯ ಎನಿಸುತ್ತದೆ. ಮಗು ಮುಂದೆ ಡಾಕ್ಟರ್ ಆಯಿತು ಎಂದ ಮಾತ್ರಕ್ಕೆ ಅದು ಆರು ವರ್ಷದಲ್ಲಿ ಗೊಂಬೆಯ ಹೊಟ್ಟೆ ಕೊಯ್ದದ್ದನ್ನು ಶಸ್ತ್ರಚಿಕಿತ್ಸೆ ಎನ್ನಬಹುದೇ? ಆ ಸ್ಟೇಶನ್ನಿನ ಜನರನ್ನು ಬರೆಯುವಾಗ ರಾಥ್ಕೊನಿಗೆ ಮೂವತ್ತಾರೋ ಮೂವತ್ತೇಳೋ. ಬ್ರೂಕ್ಲಿನ್ನಿನಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತಿದ್ದ. ಮುಂದೆ ಆಯತ ಬರಲಿದೆ ಎಂದು ಅವನಿಗೆ ಕನಸೂ ಬಿದ್ದಿರಲಿಕ್ಕಿಲ್ಲ. ಅವನ ಪಾಲಿಗೆ ಅದು ದಾರಿಯ ನಡುವಿನ ಊರಲ್ಲ, ಅವತ್ತಿನ ಮಟ್ಟಿಗೆ ಮುಟ್ಟಿದ ಊರೇ. ಅದಾದ ಮೇಲೆ ಒಂದಿಷ್ಟು ಕಾಲ ಕುಂಚ ಕೆಳಗಿಟ್ಟು ಪುರಾಣಗಳನ್ನು ಓದುತ್ತ, ಕಲೆಯ ಬಗ್ಗೆ ಬರೆಯುತ್ತ ಕೂತ. ಆ ಹಸ್ತಪ್ರತಿ ಪುಸ್ತಕವಾಗಿ ಬಂದದ್ದು 2004ರಲ್ಲಿ, ಅವನು ಹೋಗಿ ಮೂವತ್ತನಾಲ್ಕು ವರ್ಷಕ್ಕೆ. 1946ರಿಂದ 1949ರವರೆಗೆ ಬರೆದ, ಅಂಚಿಲ್ಲದ ಬಣ್ಣದ ತೇಪೆಗಳ ಚಿತ್ರಗಳಿಗೆ ಈಗ ಎಲ್ಲರೂ 'ಮಲ್ಟಿಫಾರ್ಮ್' ಎನ್ನುತ್ತಾರೆ. ಆ ಹೆಸರನ್ನೂ ಅವನು ಇಟ್ಟದ್ದಲ್ಲ, ಸತ್ತ ಮೇಲೆ ಬೇರೆಯವರು ಇಟ್ಟದ್ದು. ಸಂಧಿಕಾಲ ಎನ್ನುವುದು ಯಾವಾಗಲೂ ಹಿಂದಿನಿಂದ ಬಂದವರು ಇಡುವ ಹೆಸರು.

ಪೊಲಾಕ್‌ನ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. 1943ರಲ್ಲಿ ಪೆಗ್ಗಿ ಗುಗೆನ್‌ಹೈಮ್ ಎಂಬ ಸಿರಿವಂತೆ ತನ್ನ ಮನೆಯ ಪ್ರವೇಶಕ್ಕೆ ಒಂದು ಚಿತ್ರ ಬೇಕೆಂದಳು. ಎಂಟಡಿ ಎತ್ತರ, ಇಪ್ಪತ್ತಡಿ ಅಗಲ. ಪೊಲಾಕ್ ವಾರಗಟ್ಟಲೆ ಖಾಲಿ ಕ್ಯಾನ್‌ವಾಸನ್ನೇ ದಿಟ್ಟಿಸುತ್ತ ಕೂತು, ಕೊನೆಗೆ ಒಂದೇ ರಾತ್ರಿ ಆವೇಶ ಬಂದವನಂತೆ ಪೂರಾ ಬರೆದು ಮುಗಿಸಿದ ಎಂಬುದು ದಂತಕತೆ. ಕೆಲವು ವರ್ಷದ ಕೆಳಗೆ ಲಾಸ್ ಏಂಜಲೀಸಿನ ಗೆಟ್ಟಿ ಸಂಸ್ಥೆಯವರು ಚಿತ್ರವನ್ನು ಶುಚಿ ಮಾಡುವಾಗ ಪದರ ಪದರವಾಗಿ ಪರೀಕ್ಷಿಸಿದರು. ಮೊದಲ ಕೆಲವು ಬಣ್ಣಗಳು ಹಸಿಯ ಮೇಲೆ ಹಸಿಯಾಗಿ ಒಂದೇ ಬೀಸಿಗೆ ಬಂದಿರಬಹುದು, ಅದು ನಿಜ. ಆದರೆ ಅವು ಒಣಗಿದ ಮೇಲೆ ಮತ್ತೆ ಬರೆದ ಗುರುತು ಎಷ್ಟೋ ಕಡೆ ಸಿಕ್ಕಿತು. ಎಣ್ಣೆಬಣ್ಣ ಒಣಗಲು ದಿನಗಳು ಬೇಕು. ಒಂದು ರಾತ್ರಿಯ ಪವಾಡ ನಮಗೆ ಇಷ್ಟ, ಬಣ್ಣ ಒಣಗಲೆಂದು ಕಾಯುವವನ ಕತೆಯನ್ನು ಯಾರು ಕೇಳುತ್ತಾರೆ.

ಕಾಯುವುದರ ಮಾತು ಬಂದಾಗ ನನಗೆ ನೆನಪಾಗುವುದು ಲೀ ಕ್ರಾಸ್ನರ್. ಬಹುಕಾಲ ಅವಳನ್ನು 'ಪೊಲಾಕ್‌ನ ಹೆಂಡತಿ' ಎಂದಷ್ಟೇ ಬರೆದರು. ಬ್ರೂಕ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದವಳು, ಪೊಲಾಕ್‌ಗಿಂತ ಹೆಚ್ಚು ಕ್ರಮವಾಗಿ ಕಲಿತವಳು. 1937ರಿಂದ ಹಾನ್ಸ್ ಹಾಫ್‌ಮನ್ ಎಂಬ ಜರ್ಮನ್ ಗುರುವಿನ ಶಾಲೆಯಲ್ಲಿದ್ದಳು. ಹೆಂಗಸು ಬರೆದದ್ದೆಂದು ಗೊತ್ತೇ ಆಗದಷ್ಟು ಚೆನ್ನಾಗಿದೆ ಎಂದು ಆ ಗುರು ಅವಳ ಚಿತ್ರವನ್ನು ಹೊಗಳಿದ್ದನಂತೆ. ಇಂಥ ಹೊಗಳಿಕೆಯನ್ನು ಆಫೀಸಿನಲ್ಲಿ ಬೇರೆ ಬೇರೆ ರೂಪದಲ್ಲಿ ನಾನೂ ಕೇಳಿದ್ದೇನೆ, ಬಿಡಿ.

ಪೊಲಾಕ್‌ನ ಪರಿಚಯವಾದ ಮೇಲೆ ಅವಳಿಗೆ ಕಲಿತದ್ದೆಲ್ಲ ಸಾಲದೆನಿಸಿತು. ಎದುರಿಗೆ ಹಣ್ಣೋ ಮನುಷ್ಯನೋ ಇಟ್ಟುಕೊಂಡು ಬರೆಯುವುದನ್ನು ಬಿಟ್ಟು ಒಳಗಿನಿಂದಲೇ ತೆಗೆಯಬೇಕೆಂದು ಹೊರಟಳು. ಒಳಗಿನಿಂದ ಏನೂ ಬರಲಿಲ್ಲ. 1943ರಿಂದ ಸುಮಾರು ಮೂರು ವರ್ಷ. ಬಣ್ಣ ಹಾಕುವುದು, ಕೆರೆಯುವುದು, ಅದರ ಮೇಲೆ ಮತ್ತೆ ಹಾಕುವುದು. ಎಲ್ಲ ಬಣ್ಣವೂ ಕಲೆತು ಕಲೆತು ಬೂದಿಗೆ ತಿರುಗಿ, ಕ್ಯಾನ್‌ವಾಸು ಕಲ್ಲಿನ ಚಪ್ಪಡಿಯಂತೆ ದಪ್ಪವಾಗುವವರೆಗೆ. ಆಕಾರ ಮಾತ್ರ ಮೂಡಲೊಲ್ಲದು. 'ಬೂದು ಚಪ್ಪಡಿಗಳು' ಎಂದೇ ಆ ಚಿತ್ರಗಳನ್ನು ಕರೆಯುತ್ತಾರೆ. ಹೆಚ್ಚುಕಡಿಮೆ ಎಲ್ಲವನ್ನೂ ಅವಳೇ ಹಾಳುಮಾಡಿದಳು. ಅದೇ ಮನೆಯಲ್ಲಿ, ಗೋಡೆಯಾಚೆ, ಗಂಡನ ಕೈಯಿಂದ ದಿನಕ್ಕೊಂದು ಹೊಸದು ಹೊರಬರುತ್ತಿತ್ತು.

ಈ ಮೂರು ವರ್ಷವನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ. ದಿನಾ ಬೆಳಿಗ್ಗೆ ಎದ್ದು ಮತ್ತೆ ಅದೇ ಬೂದು ಹಲಗೆಯ ಮುಂದೆ ನಿಲ್ಲಲು ಎಂಥ ಹಟ ಬೇಕು. ಅಲ್ಲಿಂದ ಉಳಿದದ್ದೇ ಏನೂ ಇಲ್ಲ ಎನ್ನುವಷ್ಟು ಕಡಿಮೆ. ಆದ್ದರಿಂದ ಯಾವ ಮ್ಯೂಸಿಯಂ ಕೂಡ ಅದಕ್ಕೊಂದು ಕೋಣೆ ಕೊಡಲಾರದು.

1945ರ ಕೊನೆಗೆ ಇಬ್ಬರೂ ಲಾಂಗ್ ಐಲ್ಯಾಂಡಿನ ಸ್ಪ್ರಿಂಗ್ಸ್ ಎಂಬ ಹಳ್ಳಿಗೆ ಹೋದರು. ಅವನಿಗೆ ಹಿತ್ತಿಲ ಕೊಟ್ಟಿಗೆ, ಇವಳಿಗೆ ಮಾಳಿಗೆಯ ಮಲಗುವ ಕೋಣೆ. ಅಲ್ಲಿ, ಕೋಣೆಗೆ ತಕ್ಕಷ್ಟೇ ಚಿಕ್ಕ ಚಿತ್ರಗಳು ಹೊರಟವು. ದಪ್ಪ ಬಣ್ಣದ ಚುಕ್ಕಿ, ಗೆರೆ, ಲಿಪಿಯಂತೆ ಕಾಣುವ ಆದರೆ ಓದಲಾಗದ ಗುರುತುಗಳ ಸಾಲು. ಚಿಕ್ಕಂದಿನಲ್ಲಿ ಹೀಬ್ರೂ ಕಲಿತಿದ್ದಳು, ಬರೆಯುವಾಗ ಕೈ ಬಲ ಮೇಲ್ಮೂಲೆಯಿಂದಲೇ ಶುರುವಾಗುತ್ತಿತ್ತಂತೆ. ಅದೇ ಕಾಲಕ್ಕೆ ಒಂದು ಹಳೆಯ ಗಾಡಿಯ ಗಾಲಿ ತೆಗೆದುಕೊಂಡು ಅದರೊಳಗೆ ಗಾಜಿನ ಚೂರು, ಬೀಗದ ಕೈ, ನಾಣ್ಯ, ಮುರಿದ ಸರದ ಮಣಿ ಎಲ್ಲ ಕೂಡಿಸಿ ಮೇಜು ಮಾಡಿದಳು. ಹುಡುಕಿದರೆ ಅದರ ಫೋಟೊ ಸಿಗುತ್ತದೆ, ನೋಡಿ.

1953ರಲ್ಲಿ ಮತ್ತೆ ಗಾಡಿ ನಿಂತಿತು. ಸ್ಟುಡಿಯೊ ತುಂಬ ನೆಲದಿಂದ ಸೂರಿನವರೆಗೆ ತೂಗುಹಾಕಿದ್ದ ಕಪ್ಪುಬಿಳುಪು ಚಿತ್ರಗಳು ಒಂದು ದಿನ ಅವಳಿಗೆ ಕಣ್ಣಿಗೆ ಕಾಣಬಾರದಷ್ಟು ಅಸಹ್ಯವಾದವು. ಒಂದೊಂದನ್ನೇ ಕಿತ್ತು ಹರಿದು ನೆಲಕ್ಕೆ ಎಸೆದು, ಬಾಗಿಲು ಹಾಕಿಕೊಂಡು ಹೊರಟುಬಿಟ್ಟಳು. ವಾರಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. ಮತ್ತೆ ಬಾಗಿಲು ತೆರೆದಾಗ ನೆಲದ ತುಂಬ ಬಿದ್ದ ಚೂರುಗಳೇ ಚೆಂದ ಕಂಡವು. ಅವನ್ನು ಆಯ್ದು, ಎರಡು ವರ್ಷದ ಹಿಂದಿನ ಪ್ರದರ್ಶನದಲ್ಲಿ ಒಂದೂ ಮಾರಾಟವಾಗದೆ ವಾಪಸು ಬಂದಿದ್ದ ತನ್ನದೇ ದೊಡ್ಡ ಕ್ಯಾನ್‌ವಾಸುಗಳ ಮೇಲೆ ಅಂಟಿಸತೊಡಗಿದಳು. ಪೊಲಾಕ್ ಬೇಡವೆಂದು ಬಿಟ್ಟ ತುಂಡುಗಳೂ ಕೆಲವಕ್ಕೆ ಸೇರಿದವು. 1955ರಲ್ಲಿ ಅವನ್ನು ಪ್ರದರ್ಶನಕ್ಕಿಟ್ಟಳು. ನನ್ನ ಕಣ್ಣಿಗೆ ಅವಳ ಅತಿ ಒಳ್ಳೆಯ ಕೆಲಸಗಳಲ್ಲಿ ಕೆಲವು ಅವೇ.

ಅವಳ ಇಂಥದ್ದೇ ಇನ್ನೊಂದು ಕೆಲಸ ವಾಷಿಂಗ್ಟನ್ನಿನಲ್ಲಿದೆ, 1976ರದು. ಹಾಫ್‌ಮನ್ನನ ಶಾಲೆಯಲ್ಲಿದ್ದಾಗ ಇದ್ದಿಲಿನಲ್ಲಿ ಬರೆದ ಅಭ್ಯಾಸಚಿತ್ರಗಳ ಕಟ್ಟೊಂದು ಸುಮಾರು ನಲವತ್ತು ವರ್ಷದ ಮೇಲೆ ಕೈಗೆ ಸಿಕ್ಕಿತು. ಒಂದರ ಮೇಲೊಂದು ಒತ್ತಿಕೊಂಡಿದ್ದರಿಂದ ಇದ್ದಿಲು ಎದುರಿನ ಹಾಳೆಗೆ ಅಂಟಿ, ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡಿತ್ತು. ಈ ಸಲ ಹರಿಯಲಿಲ್ಲ, ಕತ್ತರಿ ಹಿಡಿದು ನೆಟ್ಟಗೆ ಕತ್ತರಿಸಿದಳು. ಆ ಮಾಲೆಯ ಚಿತ್ರಗಳಿಗೆಲ್ಲ ಕ್ರಿಯಾಪದದ ರೂಪಗಳ ಹೆಸರು ಇಟ್ಟಳು. ವಾಷಿಂಗ್ಟನ್ನಿನದಕ್ಕೆ ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ 'ವಿಧ್ಯರ್ಥ'.

ಅವ್ವ ಆ ಸಲ ನಾಲ್ಕು ತಿಂಗಳು ಇದ್ದಳು. ಬರುವಾಗ ಸೂಟ್‌ಕೇಸಿನ ಅರ್ಧ ಜಾಗಕ್ಕೆ ಒಂದು ಕೌದಿ ತುಂಬಿಕೊಂಡು ಬಂದಿದ್ದಳು, ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಸಾಲಿಯ ನೀಲಿ ಸ್ಕರ್ಟು ಎಲ್ಲ ಕೂಡಿದ್ದು. ಚೆರ್ರಿ ಹೂವಿನ ನೆಪದಲ್ಲಿ ವಾಷಿಂಗ್ಟನ್‌ಗೆ ಹೋದಾಗ ಅವಳನ್ನು ಗ್ಯಾಲರಿಗೂ ಎಳೆದುಕೊಂಡು ಹೋದೆ. ರಾಥ್ಕೊನ ಮುಂದೆ ಅವಳು ಕಾಲುನೋವಿನ ಮಾತಾಡಿದಳು. ಕ್ರಾಸ್ನರ್‌ಳ ಮುಂದೆ ಮಾತ್ರ ನಿಂತಳು. ನಾನು ಚಪ್ಪಡಿ, ಹರಿದದ್ದು, ಕಟ್ಟು ಸಿಕ್ಕದ್ದು ಎಲ್ಲ ಹೇಳಿದೆ. ಅವ್ವ ಕನ್ನಡಕ ಸರಿಮಾಡಿಕೊಂಡು, ಕಾವಲಿನವನು ಒಂದು ಹೆಜ್ಜೆ ಮುಂದೆ ಬರುವಷ್ಟು ಹತ್ತಿರ ಹೋಗಿ, ಒಂದು ಚೂರಿನ ಅಂಚನ್ನೇ ಬಹಳ ಹೊತ್ತು ನೋಡಿದಳು.

"ಹೊಲದಾಳೇನು, ಅಂಟ ಹಚ್ಯಾಳ?"

"ಅಂಟ, ಅವ್ವಾ."

"ಹಂಗಾದ್ರ ಒಗ್ಯಾಕ ಬರೂದಿಲ್ಲ ಬಿಡು" ಎಂದು, ಕೂರಲು ಬೆಂಚು ಎಲ್ಲಿದೆ ಎಂದು ನೋಡತೊಡಗಿದಳು.